ಅಮೆರಿಕದ ಪಶ್ಚಿಮ ವಿಸ್ತರಣೆ: ಪ್ರಾಜೆಕ್ಟಿಗೆ ಯಾವ ವಿಷಯ ಹಿಡಿಯೋದು?

ಮಗಳು ಎಂಟನೇ ಗ್ರೇಡಿನಲ್ಲಿದ್ದಾಗ ಒಂದು ಸಂಜೆ ಬ್ಯಾಗನ್ನು ಸೋಫಾ ಮೇಲೆ ಎಸೆದು, "ಅಪ್ಪಾ, ವೆಸ್ಟ್‌ವರ್ಡ್ ಎಕ್ಸ್‌ಪ್ಯಾನ್ಷನ್ ಮೇಲೆ ರಿಸರ್ಚ್ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಆರು ವಾರ ಟೈಮಿದೆ, ನಾನು ರೈಲ್ವೆ ತಗೊಂಡೆ" ಅಂದಳು. ರೈಲ್ವೆಯಲ್ಲಿ ಏನು ಅಂತ ಕೇಳಿದೆ. "ಪೂರ್ತಿ ರೈಲ್ವೆ" ಅಂದಳು. ಎರಡು ವಾರ ಕಳೆಯಿತು. ಹದಿನಾಲ್ಕು ಸ್ಲೈಡ್ ತಯಾರಾದವು. ಉಗಿಬಂಡಿ, ಚಿನ್ನದ ಮೊಳೆ, ಭೂಪಟ ಎಲ್ಲಾ ಇತ್ತು, ಪ್ರಶ್ನೆ ಒಂದು ಬಿಟ್ಟು. ಟೀಚರ್ ಅದನ್ನೇ ಕೆಂಪಕ್ಷರದಲ್ಲಿ ಬರೆದು ವಾಪಸ್ ಕಳಿಸಿದರು.

ಅದೇ ಹೊತ್ತಿಗೆ ಧಾರವಾಡದಿಂದ ತಂಗಿಯ ಮಗನ ಮೆಸೇಜು. "ಮಾಮಾ, ಎಂಎಗೆ ಅಮೆರಿಕದ ಇತಿಹಾಸದ ಮೇಲೆ ಕಿರುಪ್ರಬಂಧ ಬರೀಬೇಕು, ನೀವು ಅಲ್ಲೇ ಇದ್ದೀರಲ್ಲ, ಒಂದು ಟಾಪಿಕ್ ಹೇಳ್ರಿ." ನಾನು ಸಾಫ್ಟ್‌ವೇರಿನವನು, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಮನೆ ಇದೆ ಅನ್ನೋದಷ್ಟೇ ನನ್ನ ಅರ್ಹತೆ. ಆದರೂ ಆ ಚಳಿಗಾಲ ಪೂರ್ತಿ ಇವರಿಬ್ಬರ ಕಾಟಕ್ಕೆ ಏಳೆಂಟು ವಿಷಯ ಕೆದಕಿದೆ. ಇದೇ ಸಂಕಟದಲ್ಲಿರುವ ಬೇರೆ ಮಕ್ಕಳಿಗೂ, ರಾತ್ರಿ ಹನ್ನೊಂದಕ್ಕೆ ಅವರ ಜೊತೆ ಕೂತಿರುವ ಅಪ್ಪ ಅಮ್ಮಂದಿರಿಗೂ ಉಪಯೋಗಕ್ಕೆ ಬರಲಿ ಅಂತ ಬರೆದಿಡುತ್ತಿದ್ದೇನೆ.

ಮೊದಲು ಎರಡು ಮಾತಿನಲ್ಲಿ ಹಿನ್ನೆಲೆ. 1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ಲೂಸಿಯಾನಾ ಪ್ರದೇಶವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡಿತು, ದೇಶ ಒಂದೇ ಏಟಿಗೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. 1890ರ ಜನಗಣತಿ ಹೊತ್ತಿಗೆ, ಇನ್ನು ಗಡಿರೇಖೆ (ವಲಸಿಗರು ನೆಲೆಸಿದ ಜಾಗ ಮುಗಿಯುವ ಗೆರೆ, ಫ್ರಾಂಟಿಯರ್) ಅಂತ ಗುರುತಿಸಲು ಖಾಲಿ ಜಾಗವೇ ಉಳಿದಿಲ್ಲ ಅಂತ ಸರ್ಕಾರವೇ ಬರೆಯಿತು. "ಖಾಲಿ" ಅನ್ನೋ ಮಾತನ್ನು ಸ್ವಲ್ಪ ಅನುಮಾನದಿಂದ ಓದಿ, ಅಲ್ಲಿ ಜನ ಇದ್ದರು. ಈ ಎಂಬತ್ತೇಳು ವರ್ಷದ ಒಳಗೆ ನಿಮ್ಮ ಪ್ರಾಜೆಕ್ಟ್ ಎಲ್ಲೋ ಇದೆ.

ಆರಿಸುವಾಗ ನಾನು ನೋಡೋದು

ಯಾವ ಕಥೆ ರೋಚಕ ಅಂತ ಎಲ್ಲರೂ ನೋಡುತ್ತಾರೆ. ಎಲ್ಲವೂ ರೋಚಕವೇ, ಅದರಿಂದ ಏನೂ ತೀರ್ಮಾನ ಆಗೋದಿಲ್ಲ. ನಾನು ಕೇಳೋದು ಬೇರೆ: ಆ ಘಟನೆಯಲ್ಲಿ ಯಾರು ಕಾಗದ ಬಿಟ್ಟು ಹೋದರು, ಯಾರು ಬಿಡಲಿಲ್ಲ? ಆ ಕಾಗದ ನಿಮಗೆ ಸಿಗುತ್ತಾ, ಸಿಕ್ಕರೆ ಓದೋಕೆ ಆಗುತ್ತಾ, ಕೊಟ್ಟ ಟೈಮಿನಲ್ಲಿ ಮುಗಿಯುತ್ತಾ? ಕೆಲವು ವಿಷಯದಲ್ಲಿ ದಾಖಲೆ ಎಷ್ಟಿದೆ ಅಂದರೆ ಮುಳುಗಿಹೋಗುತ್ತೀರಿ. ಕೆಲವದರಲ್ಲಿ ಒಂದೇ ಕಡೆಯವರ ಮಾತು. ಕೆಲವದರಲ್ಲಿ ಒಳಗೊಳಗೇ ಜಗಳ ಇದೆ, ಎರಡೂ ಕಡೆಯವರು ಬರೆದಿಟ್ಟಿದ್ದಾರೆ. ವಿದ್ಯಾರ್ಥಿಗೆ ಹೆಚ್ಚು ಫಲ ಕೊಡೋದು ಈ ಕೊನೆಯ ಜಾತಿ.

ಎಲ್ಲರೂ ಮೊದಲು ಕೈ ಹಾಕುವ ಎರಡು

ಆರೆಗಾನ್ ಟ್ರೈಲ್ ಮತ್ತು ಲೂಯಿಸ್-ಕ್ಲಾರ್ಕ್. ಕ್ಲಾಸಿನಲ್ಲಿ ಮೂವತ್ತು ಮಕ್ಕಳಿದ್ದರೆ ಹತ್ತು ಮಂದಿ ಇವೆರಡರಲ್ಲೇ ಇರುತ್ತಾರೆ. ಆರೆಗಾನ್ ಟ್ರೈಲ್‌ಗೆ ಆ ಹೆಸರಿನ ಹಳೇ ಕಂಪ್ಯೂಟರ್ ಆಟವೂ ಒಂದು ಕಾರಣ ಅನ್ನಿಸುತ್ತದೆ.

ಆರೆಗಾನ್ ಟ್ರೈಲ್ ಅಂದರೆ ಮಿಸೌರಿಯ ಇಂಡಿಪೆಂಡೆನ್ಸ್ ಕಡೆಯಿಂದ ಹೊರಟು ಪಶ್ಚಿಮದ ಆರೆಗಾನ್‌ವರೆಗೆ ಸುಮಾರು 2000 ಮೈಲಿ ಕಮಾನುಗಾಡಿಯ ಪಯಣ. ಗಾಡಿ ಎಳೆದದ್ದು ಹೆಚ್ಚಾಗಿ ಎತ್ತುಗಳೇ, ಸಿನಿಮಾದಲ್ಲಿ ತೋರಿಸುವ ಕುದುರೆಗಳಲ್ಲ. ನಮ್ಮೂರಿನ ಗಾಡಿ ಪಯಣ ಕಂಡವರಿಗೆ ಇದು ಬೇಗ ಅರ್ಥ ಆಗುತ್ತದೆ: ಜನ ಬಹುಪಾಲು ಗಾಡಿ ಪಕ್ಕ ನಡೆದೇ ಹೋಗುತ್ತಿದ್ದರು. ದಿನಚರಿಗಳು ನೂರಾರು ಸಿಗುತ್ತವೆ, ಹೆಂಗಸರು ಬರೆದವು ಬಹಳ ಚೆನ್ನಾಗಿವೆ. ತೊಂದರೆ ಏನೆಂದರೆ ಎಲ್ಲ ದಿನಚರಿಯಲ್ಲೂ ಅದೇ ಧೂಳು, ಅದೇ ನದಿ, ದಾರಿಯ ಗುರುತಾಗಿದ್ದ ಅದೇ ಚಿಮ್ನಿ ರಾಕ್ ಬಂಡೆ. ಅದಕ್ಕೇ ಇಲ್ಲಿ ಒಂದು ಸಣ್ಣ ಪ್ರಶ್ನೆ ಹಿಡಿಯದಿದ್ದರೆ ಪ್ರಾಜೆಕ್ಟ್ ಪ್ರವಾಸಕಥನ ಆಗಿಬಿಡುತ್ತದೆ. ನನಗೆ ಹಿಡಿಸಿದ ಪ್ರಶ್ನೆ ಸಾವಿನದು. ಮೂಲನಿವಾಸಿಗಳ ದಾಳಿಯಿಂದ ಜನ ಸತ್ತರು ಅಂತ ಎಲ್ಲರ ತಲೆಯಲ್ಲಿದೆ. ಆದರೆ 1840ರಿಂದ 1860ರವರೆಗಿನ ಲೆಕ್ಕ ಹಾಕಿದ ಇತಿಹಾಸಕಾರರಿಗೆ ಸಿಕ್ಕಿದ್ದು ಹಾಗೆ ಸತ್ತ ವಲಸಿಗರು ಸುಮಾರು 360, ವಲಸಿಗರ ಕೈಯಲ್ಲಿ ಸತ್ತ ಮೂಲನಿವಾಸಿಗಳು 420ಕ್ಕೂ ಜಾಸ್ತಿ. ನಿಜವಾದ ಕೊಲೆಗಾರ ಕಾಲರಾ. ಐದಾರು ದಿನಚರಿ ತೆಗೆದುಕೊಂಡು, ಯಾರು ಯಾವುದಕ್ಕೆ ಹೆದರಿದ್ದರು, ಕೊನೆಗೆ ಯಾವುದರಿಂದ ಸತ್ತರು ಅಂತ ಪಟ್ಟಿ ಮಾಡಿದರೆ ಮೂರು ವಾರದಲ್ಲಿ ಒಳ್ಳೆ ಕೆಲಸ ಆಗುತ್ತದೆ.

ಲೂಯಿಸ್-ಕ್ಲಾರ್ಕ್ ಪಯಣ, ಅಂದರೆ ಆ ಇಬ್ಬರು ಸೇನಾಧಿಕಾರಿಗಳ ತಂಡ ಪೆಸಿಫಿಕ್ ತೀರದವರೆಗೆ ಹೋಗಿ ಬಂದ ಶೋಧಯಾತ್ರೆ, 1804ರಿಂದ 1806ರವರೆಗೆ. ಇಲ್ಲಿ ದಾಖಲೆಯದು ಬೇರೆ ಸಮಸ್ಯೆ: ತಂಡದವರ ದಿನಚರಿಗಳು ಹತ್ತು ಲಕ್ಷಕ್ಕೂ ಜಾಸ್ತಿ ಪದ! ನೆಬ್ರಾಸ್ಕಾ ವಿಶ್ವವಿದ್ಯಾಲಯ ಎಲ್ಲವನ್ನೂ ಉಚಿತವಾಗಿ ಆನ್‌ಲೈನ್ ಹಾಕಿದೆ, ಹೆಸರು ಹೊಡೆದು ಹುಡುಕಬಹುದು. ಆ ಸೌಲಭ್ಯ ಇರೋದರಿಂದ ಒಬ್ಬ ವ್ಯಕ್ತಿಯನ್ನು ಹಿಡಿಯಿರಿ. ತಂಡದ ಜೊತೆ ಹೋದ ಮೂಲನಿವಾಸಿ ಹೆಂಗಸು ಸಕಾಜವಿಯಾ ಬೇಡ, ಅವಳನ್ನು ಎಲ್ಲರೂ ಹಿಡಿಯುತ್ತಾರೆ. ಯಾರ್ಕ್ ಅನ್ನುವವನನ್ನು ನೋಡಿ, ಕ್ಲಾರ್ಕ್‌ನ ಗುಲಾಮ. ಪೆಸಿಫಿಕ್ ತೀರದಲ್ಲಿ ಚಳಿಗಾಲಕ್ಕೆ ಎಲ್ಲಿ ಬಿಡಾರ ಹೂಡೋದು ಅಂತ 1805ರ ನವೆಂಬರಿನಲ್ಲಿ ಎಲ್ಲರ ಅಭಿಪ್ರಾಯ ಕೇಳಿದಾಗ ಅವನದನ್ನೂ ಬರೆದುಕೊಂಡರು. ವಾಪಸ್ ಬಂದ ಮೇಲೆ ಅವನು ಬಿಡುಗಡೆ ಕೇಳಿದ, ಕ್ಲಾರ್ಕ್ ಒಪ್ಪಲಿಲ್ಲ. ಕ್ಲಾರ್ಕ್ ತನ್ನ ಅಣ್ಣನಿಗೆ ಬರೆದ ಕಾಗದಗಳಲ್ಲಿ ಈ ಸಿಟ್ಟೆಲ್ಲಾ ಇದೆ. ಯಾರ್ಕ್ ತಾನಾಗಿ ಬರೆದದ್ದು ಒಂದಕ್ಷರವೂ ಇಲ್ಲ.

ಚೆರೋಕಿಗಳು: ನನ್ನ ಮೊದಲ ಆಯ್ಕೆ

ಯಾರಾದರೂ ಒಂದೇ ವಿಷಯ ಹೇಳಿ ಅಂದರೆ ಚೆರೋಕಿ ಅನ್ನೋ ಈ ಮೂಲನಿವಾಸಿ ಜನಾಂಗದ ಕಥೆಯನ್ನೇ ಹೇಳುತ್ತೇನೆ. 1830ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಕಾಲದಲ್ಲಿ ಇಂಡಿಯನ್ ರಿಮೂವಲ್ ಆಕ್ಟ್, ಅಂದರೆ ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಸಾಗಿಸುವ ಕಾನೂನು ಬಂತು. 1838-39ರಲ್ಲಿ ಸುಮಾರು 16,000 ಚೆರೋಕಿಗಳನ್ನು ಜಾರ್ಜಿಯಾ ಸುತ್ತಮುತ್ತಲಿಂದ ಎಬ್ಬಿಸಿ ಈಗಿನ ಓಕ್ಲಹೋಮಾಗೆ ಸಾಗಿಸಿದರು. ದಾರಿಯಲ್ಲಿ, ಶಿಬಿರಗಳಲ್ಲಿ ಸುಮಾರು 4,000 ಜನ ಸತ್ತರು ಅನ್ನೋದು ಸಾಮಾನ್ಯವಾಗಿ ಕೊಡುವ ಅಂಕಿ. ಅದೊಂದು ಅಂದಾಜು, ಅದರ ಎರಡು ಪಟ್ಟು ಹೇಳುವವರೂ ಇದ್ದಾರೆ. ಆ ಅಂಕಿ ಎಲ್ಲಿಂದ ಬಂತು ಅಂತ ಬೆನ್ನು ಹತ್ತಿದರೆ ಅದೇ ಒಂದು ಪ್ರಾಜೆಕ್ಟು.

ಇಷ್ಟ ಆಗೋಕೆ ನನ್ನ ಕಾರಣ ಬೇರೆ. ಇಲ್ಲಿ ತುಳಿತಕ್ಕೊಳಗಾದವರೇ ಬರೆದಿದ್ದಾರೆ. ಸೆಕ್ವೋಯಾ ಅನ್ನುವವನು 1821ರ ಹೊತ್ತಿಗೆ ಚೆರೋಕಿ ಭಾಷೆಗೆ ಲಿಪಿ ಮಾಡಿದ, ಎಂಬತ್ತೈದು ಚಿಲ್ಲರೆ ಅಕ್ಷರ, ಒಂದೊಂದು ಅಕ್ಷರ ಒಂದೊಂದು ಉಚ್ಚಾರಕ್ಕೆ. ಮಗಳಿಗೆ ಇದನ್ನು ತೋರಿಸಿದಾಗ "ಇದು ಕಾಗುಣಿತ ಇದ್ದ ಹಾಗೇ ಇದೆಯಲ್ಲ" ಅಂದಳು. ಪೂರ್ತಿ ಹಾಗಿಲ್ಲ. ನಮ್ಮಲ್ಲಿ ಕ, ಕಿ, ಕು ನೋಡಿದರೆ ಒಂದೇ ಮನೆಯವು ಅಂತ ಗೊತ್ತಾಗುತ್ತದೆ, ಅಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಆದರೂ ಇಂಗ್ಲಿಷ್ ಮಾತ್ರ ಬರುವ ಮಕ್ಕಳಿಗಿಂತ ಕನ್ನಡ ಬರುವ ಮಗುವಿಗೆ ಆ ಲಿಪಿಯ ಲೆಕ್ಕ ಬೇಗ ಹತ್ತುತ್ತದೆ. 1828ರ ಫೆಬ್ರವರಿಯಲ್ಲಿ ಚೆರೋಕಿಗಳ ರಾಜಧಾನಿ ನ್ಯೂ ಎಕೋಟಾದಿಂದ ಚೆರೋಕಿ ಫೀನಿಕ್ಸ್ ಪತ್ರಿಕೆ ಎರಡೂ ಭಾಷೆಯಲ್ಲಿ ಶುರುವಾಯಿತು. ಇಂಗ್ಲಿಷ್ ಭಾಗ ಆನ್‌ಲೈನಿನಲ್ಲಿ ಸಿಗುತ್ತದೆ, ಅಚ್ಚಿನ ಅಕ್ಷರ, ಕೈಬರಹದ ಕಷ್ಟ ಇಲ್ಲ.

ಒಳಜಗಳ ಅಂದೆನಲ್ಲ, ಅದು ಇಲ್ಲಿ ಜೋರಾಗಿಯೇ ಇದೆ. 1835ರ ಡಿಸೆಂಬರಿನಲ್ಲಿ ಚೆರೋಕಿ ಮುಖಂಡ ಮೇಜರ್ ರಿಡ್ಜ್, ಅವನ ಮಗ ಜಾನ್ ರಿಡ್ಜ್, ಫೀನಿಕ್ಸ್‌ನ ಮೊದಲ ಸಂಪಾದಕ ಎಲಿಯಾಸ್ ಬೌಡಿನಾಟ್ ಇವರ ಗುಂಪು ಜಾಗ ಬಿಟ್ಟುಕೊಡುವ ಒಪ್ಪಂದದ ಕಡೆ ನಿಂತಿತು. ಮುಖ್ಯಸ್ಥ ಜಾನ್ ರಾಸ್ ಮತ್ತು ಹೆಚ್ಚಿನ ಜನ ವಿರೋಧಿಸಿದರು, ಸಾವಿರಾರು ಸಹಿ ಹಾಕಿ ಮನವಿ ಕಳಿಸಿದರು. ಸೆನೆಟ್‌ನಲ್ಲಿ ಒಪ್ಪಂದ ಗೆದ್ದದ್ದು ಒಂದೇ ಒಂದು ಮತದಿಂದ. 1839ರ ಜೂನ್ 22ರಂದು ರಿಡ್ಜ್ ಅಪ್ಪ ಮಗ ಮತ್ತು ಬೌಡಿನಾಟ್, ಮೂವರನ್ನೂ ಅವರವರ ಜನವೇ ಕೊಂದರು. ಬೌಡಿನಾಟ್ ದ್ರೋಹಿಯಾ, ಅಥವಾ ಉಳಿದ ಒಂದೇ ದಾರಿ ಕಂಡವನಾ? ಎಂಟನೇ ಗ್ರೇಡಿನವರೂ ಬರೆಯಬಹುದು, ಎಂಎಯವರೂ ಬರೆಯಬಹುದು, ಇಬ್ಬರಿಗೂ ಸಾಲುವಷ್ಟು ಸರಕಿದೆ.

ಒಂದು ಎಚ್ಚರಿಕೆ. 1832ರಲ್ಲಿ ಸುಪ್ರೀಂ ಕೋರ್ಟು ವುರ್ಸ್ಟರ್ ಪ್ರಕರಣದಲ್ಲಿ ಚೆರೋಕಿಗಳ ಪರ ತೀರ್ಪು ಕೊಟ್ಟಾಗ, ತೀರ್ಪು ಕೊಟ್ಟವನೇ ಜಾರಿ ಮಾಡಲಿ ಅಂತ ಜಾಕ್ಸನ್ ಹೇಳಿದ ಅನ್ನೋ ಮಾತು ಎಲ್ಲ ಪೋಸ್ಟರಿನಲ್ಲೂ ಇರುತ್ತದೆ. ಆ ಮಾತು ಅಚ್ಚಿನಲ್ಲಿ ಪ್ರಸಿದ್ಧವಾದದ್ದು ದಶಕಗಳ ನಂತರ, ಹೆಚ್ಚಿನ ಇತಿಹಾಸಕಾರರು ಅದನ್ನು ನಂಬೋದಿಲ್ಲ. ಹಾಕಬೇಡಿ.

ರೈಲ್ವೆ: ಕಾಗದ ಇಲ್ಲದ ಕಥೆ

1869ರ ಮೇ 10ರಂದು ಯೂಟಾದ ಪ್ರೊಮಾಂಟರಿಯಲ್ಲಿ ಎರಡು ಹಳಿ ಕೂಡಿದವು. ಒಂದು ಓಮಾಹಾದಿಂದ ಬಂದ ಯೂನಿಯನ್ ಪೆಸಿಫಿಕ್, ಇನ್ನೊಂದು ನಮ್ಮ ಸ್ಯಾಕ್ರಮೆಂಟೊದಿಂದ ಹೊರಟ ಸೆಂಟ್ರಲ್ ಪೆಸಿಫಿಕ್. ಸೆಂಟ್ರಲ್ ಪೆಸಿಫಿಕ್‌ನ ಕೂಲಿಕಾರರಲ್ಲಿ ಬಹುಪಾಲು ಚೀನೀಯರು, ಸಿಯೆರಾ ಬೆಟ್ಟದ ಕಲ್ಲು ಕೊರೆದು ಸುರಂಗ ಮಾಡಿದವರು. ಹತ್ತು ಹದಿನೈದು ಸಾವಿರ ಜನ. ಅವರಲ್ಲಿ ಒಬ್ಬರು ಆ ಕೆಲಸದ ಬಗ್ಗೆ ಬರೆದ ಒಂದು ಕಾಗದವೂ ಇತಿಹಾಸಕಾರರಿಗೆ ಸಿಕ್ಕಿಲ್ಲ.

ಚೆರೋಕಿಗಳ ವಿಷಯಕ್ಕೆ ಇದು ನೇರ ಎದುರು. ಸುಲಭ ಬೇಕಾದರೆ ಅದು, ಸವಾಲು ಬೇಕಾದರೆ ಇದು. ಮಗಳು ಕೊನೆಗೆ "ಪೂರ್ತಿ ರೈಲ್ವೆ" ಬಿಟ್ಟು 1867ರ ಜೂನ್ ಕೊನೆಯ ಮುಷ್ಕರ ಹಿಡಿದಳು. ಸುಮಾರು ಮೂರು ಸಾವಿರ ಚೀನೀ ಕೂಲಿಕಾರರು ತಿಂಗಳಿಗೆ 40 ಡಾಲರ್ ಕೊಡಿ, ಕೆಲಸದ ಹೊತ್ತು ಕಡಿಮೆ ಮಾಡಿ ಅಂತ ಸುಮ್ಮನೆ ಕೂತರು. ಗಲಾಟೆ ಇಲ್ಲ, ಏನಿಲ್ಲ. ಕಂಪನಿಯ ಚಾರ್ಲ್ಸ್ ಕ್ರಾಕರ್ ಬೆಟ್ಟದ ಮೇಲಕ್ಕೆ ಹೋಗುವ ರೇಷನ್ ನಿಲ್ಲಿಸಿದ, ಒಂದು ವಾರಕ್ಕೆ ಮುಷ್ಕರ ಮುರಿದುಬಿತ್ತು. ಇದೆಲ್ಲಾ ನಮಗೆ ಗೊತ್ತಾಗೋದು ಕಂಪನಿಯ ದೊಡ್ಡವರು ತಮ್ಮತಮ್ಮಲ್ಲಿ ಬರೆದುಕೊಂಡ ಪತ್ರ, ಸ್ಯಾಕ್ರಮೆಂಟೊ ಯೂನಿಯನ್ ಥರದ ಪತ್ರಿಕೆ, ಆಮೇಲೆ ಕ್ರಾಕರ್ ಸಂಸತ್ತಿನ ಸಮಿತಿಯ ಮುಂದೆ ಹೇಳಿದ ಸಾಕ್ಷಿ, ಇವುಗಳಿಂದ. ಸಂಬಳದ ಹಾಳೆಗಳೂ ಉಳಿದಿವೆ, ಆದರೆ ಅದರಲ್ಲಿ ಹೆಚ್ಚಾಗಿ ಇರೋದು ಮೇಸ್ತ್ರಿಯ ಹೆಸರು, ಅವನ ಕೈಕೆಳಗಿನವರು ಬರೀ ಲೆಕ್ಕ. ನಮ್ಮೂರಲ್ಲಿ ಗುಂಪಿನ ಕೂಲಿ ಮೇಸ್ತ್ರಿ ಕೈಗೆ ಕೊಟ್ಟು ಅವನು ಹಂಚಿದ ಹಾಗೆ. ಹಾಗಾಗಿ ಅವಳ ಪ್ರಶ್ನೆ ಹೀಗಾಯಿತು: ಮಾಲೀಕರ ಕಾಗದ ಮಾತ್ರ ಇರುವಾಗ ಕೂಲಿಯವರು ಏನು ಬಯಸಿದರು ಅಂತ ಎಷ್ಟರ ಮಟ್ಟಿಗೆ ಹೇಳಬಹುದು? ಉಳಿದ ನಾಲ್ಕು ವಾರದಲ್ಲಿ ಮುಗಿಸಿದಳು, ಓಲ್ಡ್ ಸ್ಯಾಕ್ರಮೆಂಟೊದ ರೈಲ್‌ರೋಡ್ ಮ್ಯೂಸಿಯಂ ಹತ್ತಿರವೇ ಇದ್ದದ್ದು ಬಹಳ ಸಹಾಯ ಆಯಿತು. ಮುಷ್ಕರ ಅಂತ ಮೊದಲೇ ತಿಳಿದಿದ್ದರೆ ಆ ಎರಡು ವಾರ ಉಳಿಯುತ್ತಿತ್ತು, ಇರಲಿ.

ಹೋಮ್‌ಸ್ಟೆಡ್: ಯಾರೂ ಮುಟ್ಟದ ಒಳ್ಳೆ ವಿಷಯ

ಮಕ್ಕಳಿಗೆ ಜಮೀನಿನ ಕಾನೂನು ಅಂದರೆ ನಿದ್ದೆ. ಆದರೆ ಪಹಣಿ, ಸರ್ವೆ ನಂಬರು, ಪೋಡಿ ಅಂತ ಮನೆಯಲ್ಲಿ ಮಾತು ಕೇಳಿ ಬೆಳೆದವರಿಗೆ ಇದು ಚಿನ್ನದಂಥ ವಿಷಯ. 1862ರ ಹೋಮ್‌ಸ್ಟೆಡ್ ಕಾನೂನು ಹೇಳಿದ್ದು ಇಷ್ಟು: ಶುಲ್ಕ ಎಲ್ಲಾ ಸೇರಿ 18 ಡಾಲರ್ ಕಟ್ಟು, 160 ಎಕರೆ ಹಿಡಿ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡು, ಜಮೀನು ನಿನ್ನದು. ಮದುವೆಯಾಗದ ಹೆಣ್ಣುಮಕ್ಕಳು, ವಿಧವೆಯರು ಕೂಡ ಹಿಡಿಯಬಹುದಿತ್ತು. ಕೊನೆಗೆ ಹದಿನಾರು ಲಕ್ಷದಷ್ಟು ಜನಕ್ಕೆ ಹಕ್ಕುಪತ್ರ ಸಿಕ್ಕಿತು, ಒಟ್ಟು 27 ಕೋಟಿ ಎಕರೆ. ಇದಕ್ಕೂ ಮೊದಲು 1841ರ ಪ್ರೀಎಂಪ್ಷನ್ ಕಾನೂನು ಇತ್ತು: ಸರ್ಕಾರಿ ಜಾಗದಲ್ಲಿ ಮೊದಲೇ ಕೂತು ಉಳುತ್ತಿದ್ದವನು ಎಕರೆಗೆ ಒಂದೂಕಾಲು ಡಾಲರ್ ಕೊಟ್ಟು ಸಕ್ರಮ ಮಾಡಿಕೊಳ್ಳಬಹುದು. ಬಗರ್ ಹುಕುಂ ನೆನಪಾಯಿತಾ? ನನಗಂತೂ ಅದೇ ನೆನಪಾಗಿದ್ದು.

ಆರೆಗಾನ್ ಟ್ರೈಲ್‌ನಲ್ಲಿ ಜನ ತಮಗೆ ಅನ್ನಿಸಿದ್ದನ್ನು ಬರೆದರು, ಇಲ್ಲಿ ಸರ್ಕಾರ ಕೇಳಿದ ಪ್ರಶ್ನೆಗೆ ಉತ್ತರ ಬರೆದಿದ್ದಾರೆ. ಐದು ವರ್ಷ ಆದ ಮೇಲೆ ಇಬ್ಬರು ಸಾಕ್ಷಿಗಳ ಜೊತೆ ಹೋಗಿ, ಮನೆ ಎಷ್ಟು ಅಡಿ, ಎಷ್ಟು ಎಕರೆ ಉತ್ತಿದ್ದೇನೆ, ಏನು ಬೆಳೆದೆ ಅಂತ ಹೇಳಬೇಕಿತ್ತು. ಆ ಫೈಲುಗಳು ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಹಕ್ಕುಪತ್ರಗಳನ್ನು ಭೂನಿರ್ವಹಣಾ ಇಲಾಖೆಯ ವೆಬ್‌ಸೈಟಿನಲ್ಲಿ ಉಚಿತವಾಗಿ ನೋಡಬಹುದು, ಧಾರವಾಡದಲ್ಲಿ ಕೂತೂ ನೋಡಬಹುದು. ಒಂದು ಟೌನ್‌ಶಿಪ್ ಅಂದರೆ ಆರು ಮೈಲಿ ಚೌಕ, ಅದರಲ್ಲಿ 36 ಸೆಕ್ಷನ್, ಒಂದೊಂದು 640 ಎಕರೆ. ಅಂಥ ಒಂದು ಚೌಕವನ್ನು ಹಿಡಿದು ಯಾರು ಯಾವಾಗ ಹಕ್ಕುಪತ್ರ ಪಡೆದರು, ಅವರಲ್ಲಿ ಹೆಂಗಸರೆಷ್ಟು ಅಂತ ಬಿಡಿಸುತ್ತಾ ಹೋಗಬಹುದು. ಸ್ಪ್ರೆಡ್‌ಶೀಟ್ ಇಷ್ಟಪಡುವ ಹುಡುಗರಿಗೆ ಹೇಳಿ ಮಾಡಿಸಿದ ಕೆಲಸ.

ಇದರ ಇನ್ನೊಂದು ಮುಖವನ್ನು ಬಿಡಬೇಡಿ. 1887ರ ಡಾಸ್ ಕಾನೂನು ಮೂಲನಿವಾಸಿಗಳ ಸಮುದಾಯದ ಭೂಮಿಯನ್ನು ತುಂಡು ತುಂಡು ಮಾಡಿ ಹಂಚಿತು, "ಮಿಕ್ಕಿದ್ದು" ಅಂತ ಹೊರಗಿನವರಿಗೆ ತೆರೆಯಿತು. ಆಗ 13.8 ಕೋಟಿ ಎಕರೆ ಇದ್ದದ್ದು 1934ರ ಹೊತ್ತಿಗೆ 4.8 ಕೋಟಿಗೆ ಇಳಿಯಿತು. ಬಿಟ್ಟಿ ಜಮೀನು ಯಾರಿಗೆ ಬಿಟ್ಟಿ?

ಚಿನ್ನದ ಹುಚ್ಚು

ಕ್ಯಾಲಿಫೋರ್ನಿಯಾದ ಮಕ್ಕಳು ಇದನ್ನು ನಾಲ್ಕನೇ ಗ್ರೇಡಿನಲ್ಲೇ ಮಾಡಿರುತ್ತಾರೆ, ಚಿನ್ನ ಸಿಕ್ಕ ಊರು ಕೊಲೋಮಾಗೆ ಫೀಲ್ಡ್ ಟ್ರಿಪ್ ಹೋಗಿ ಬೋಗುಣಿಯಲ್ಲಿ ಮರಳು ಜಾಲಿಸಿ ಬಂದಿರುತ್ತಾರೆ. ಹಾಗಾಗಿ 1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್ ಕಣ್ಣಿಗೆ ಚಿನ್ನ ಬಿದ್ದ ಕಥೆಯನ್ನೇ ಮತ್ತೆ ಹೇಳಿದರೆ ಹೈಸ್ಕೂಲಿನಲ್ಲಿ ಮಾರ್ಕ್ಸ್ ಬೀಳೋದಿಲ್ಲ. ಎರಡು ದಾರಿ ಇದೆ. ಒಂದು, ಕಾನೂನು: 1850ರಲ್ಲಿ ವಿದೇಶಿ ಗಣಿಗಾರರಿಗೆ ತಿಂಗಳಿಗೆ 20 ಡಾಲರ್ ತೆರಿಗೆ ಹಾಕಿದರು, ಅದೇ ವರ್ಷ ಮೂಲನಿವಾಸಿಗಳ "ರಕ್ಷಣೆ" ಅನ್ನೋ ಹೆಸರಿನಲ್ಲಿ ಅವರನ್ನು ಜೀತಕ್ಕೆ ಇಟ್ಟುಕೊಳ್ಳುವ ಕಾನೂನು ಬಂತು. ಚಿನ್ನ ಸಿಗುವ ಮೊದಲು ಸುಮಾರು ಒಂದೂವರೆ ಲಕ್ಷ ಇದ್ದ ಅಲ್ಲಿನ ಮೂಲನಿವಾಸಿಗಳು 1870ರ ಹೊತ್ತಿಗೆ ಮೂವತ್ತು ಸಾವಿರದಷ್ಟಾದರು. ಬಹಳ ಭಾರದ ವಿಷಯ, ಚಿಕ್ಕ ಮಕ್ಕಳಿಗೆ ಕೊಡುವ ಮೊದಲು ಯೋಚಿಸಿ. ಇನ್ನೊಂದು, ನೀರು: ಬೆಟ್ಟಕ್ಕೆ ದೊಡ್ಡ ಪೈಪಿನಲ್ಲಿ ನೀರು ಹೊಡೆದು ಕರಗಿಸುವ ಗಣಿಗಾರಿಕೆಯಿಂದ ಕೆಳಗಿನ ರೈತರ ಹೊಲಗಳಲ್ಲಿ ಹೂಳು ತುಂಬಿತು, ರೈತರು ಕೋರ್ಟಿಗೆ ಹೋದರು, 1884ರಲ್ಲಿ ಗೆದ್ದರು. ಕೆಜಿಎಫ್‌ನ ಸೈನೈಡ್ ದಿಬ್ಬ ನೋಡಿದವರಿಗೆ, ಗಣಿಯ ಕಸ ಯಾರ ತಲೆ ಮೇಲೆ ಬೀಳುತ್ತದೆ ಅನ್ನೋ ಪ್ರಶ್ನೆ ಹೊಸದೇನಲ್ಲ.

ಉಳಿದವು, ಬೇಗ ಬೇಗ

ಕುದುರೆ ಸವಾರರ ಅಂಚೆ, ಪೋನಿ ಎಕ್ಸ್‌ಪ್ರೆಸ್ ಬೇಡ. 1860ರ ಏಪ್ರಿಲಿನಲ್ಲಿ ಶುರುವಾಗಿ 1861ರ ಅಕ್ಟೋಬರಿನಲ್ಲಿ ಟೆಲಿಗ್ರಾಫ್ ಬಂದಾಗ ಮುಚ್ಚಿದ್ದು, ಕಥೆ ಜಾಸ್ತಿ, ದಾಖಲೆ ಕಡಿಮೆ. ಜಾನ್ ಗಾಸ್ಟ್ 1872ರಲ್ಲಿ ಬರೆದ, ಆಕಾಶದಲ್ಲಿ ತೇಲುವ ಹೆಂಗಸು ಟೆಲಿಗ್ರಾಫ್ ತಂತಿ ಹಿಡಿದು ಪಶ್ಚಿಮಕ್ಕೆ ಹೋಗುವ ಆ ಚಿತ್ರ, ಒಂದು ವಾರ ಮಾತ್ರ ಟೈಮ್ ಇದ್ದರೆ ಓಕೆ.

ಬಯಲುಸೀಮೆಯ ಮೂಲನಿವಾಸಿಗಳಾದ ಲಕೋಟಾಗಳ ವಿಂಟರ್ ಕೌಂಟ್ ಮಾತ್ರ ಬೇರೆಯೇ ದರ್ಜೆ. ಚರ್ಮದ ಮೇಲೆ ವರ್ಷಕ್ಕೊಂದು ಚಿತ್ರ, ಆ ವರ್ಷದ ದೊಡ್ಡ ಘಟನೆಯೇ ವರ್ಷದ ಹೆಸರು. 1833ರ ಉಲ್ಕಾಪಾತ ಎಷ್ಟೋ ವಿಂಟರ್ ಕೌಂಟ್‌ಗಳಲ್ಲಿದೆ. ನಮ್ಮ ಅಜ್ಜಿಯರು "ಪ್ಲೇಗಿನ ವರ್ಷ ಹುಟ್ಟಿದವನು" ಅನ್ನುತ್ತಿದ್ದ ಲೆಕ್ಕ ಇದು. ಮೈಸೂರು ಸೀಮೆಯವರಿಗೆ ಧಾತು ಈಶ್ವರ ಬರ ಶುರುವಾದ 1876ರಲ್ಲೇ ಲಕೋಟಾಗಳೂ ಅವರ ಜೊತೆಯವರೂ ಅಮೆರಿಕದ ಸೈನ್ಯವನ್ನು ಸೋಲಿಸಿದ ಲಿಟಲ್ ಬಿಗ್‌ಹಾರ್ನ್ ಯುದ್ಧ ನಡೆದದ್ದು. ಸ್ಮಿತ್‌ಸೋನಿಯನ್ ಸಂಗ್ರಹದ ಚಿತ್ರಗಳು ಆನ್‌ಲೈನ್ ಸಿಗುತ್ತವೆ, ಅವನ್ನು ಅದೇ ವರ್ಷದ ಸೈನ್ಯದ ವರದಿಯ ಪಕ್ಕ ಇಟ್ಟು ನೋಡಬಹುದು. ಚಿತ್ರ ಬಿಡಿಸುವ ಮಕ್ಕಳಿಗೆ ಇದನ್ನೇ ಹೇಳುತ್ತೇನೆ.

ಮೆಕ್ಸಿಕೊ ಯುದ್ಧ, 1846ರಿಂದ 48, ಸ್ಪ್ಯಾನಿಷ್ ಬರುವವರಿಗೆ ಒಳ್ಳೆಯದು. ಯುದ್ಧ ಮುಗಿದ ಮೇಲೆ 1851ರ ಕಾನೂನಿನಲ್ಲಿ, ಮೆಕ್ಸಿಕೊದಿಂದ ಅಮೆರಿಕದ ಕೈಗೆ ಬಂದ ಕ್ಯಾಲಿಫೋರ್ನಿಯಾದ ಹಳೇ ಜಮೀನ್ದಾರರು ತಮ್ಮ ಹಕ್ಕನ್ನು ತಾವೇ ಸಾಬೀತು ಮಾಡಬೇಕಾಯಿತು. 813 ಅರ್ಜಿ ಬಂದವು, ಪತ್ರ ಕೈಗೆ ಬರೋಕೆ ಸರಾಸರಿ 17 ವರ್ಷ. ಕೇಸ್ ಗೆದ್ದವರೂ ವಕೀಲರ ಫೀಸಿಗೆ ಜಮೀನು ಕಳಕೊಂಡರು. ಸ್ಪ್ಯಾನಿಷ್ ಬರದಿದ್ದರೂ ಆಗ ಕೈಯಲ್ಲಿ ಬರೆದ ಜಮೀನಿನ ನಕ್ಷೆಗಳನ್ನು ನೋಡಲೇಬೇಕು, ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯ ಆನ್‌ಲೈನ್ ಹಾಕಿದೆ.

ಈ ಯುದ್ಧಕ್ಕೆ ಇನ್ನೊಂದು ಬಾಗಿಲು ಇದೆ, ಧಾರವಾಡದ ಹುಡುಗ ಒಳಗೆ ಹೋದದ್ದು ಅದರಿಂದಲೇ. ಗುಲಾಮಗಿರಿಗೂ ಈ ಯುದ್ಧಕ್ಕೂ ನನ್ನ ದುಡ್ಡು ಕೊಡೋದಿಲ್ಲ ಅಂತ ತೆರಿಗೆ ಕಟ್ಟದೆ ಅಮೆರಿಕದ ಲೇಖಕ ಥೋರೋ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದ, ಆಮೇಲೆ ಅದರ ಮೇಲೆ ಪ್ರಬಂಧ ಬರೆದ. ಗಾಂಧಿ ಅದನ್ನು ದಕ್ಷಿಣ ಆಫ್ರಿಕಾದಲ್ಲಿ ಓದಿ 1907ರಲ್ಲಿ ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಅದರ ಭಾಗಗಳನ್ನು ಹಾಕಿದರು. ಅಳಿಯನಿಗೆ ಅಮೆರಿಕದ ಆರ್ಕೈವ್ಸ್‌ಗೆ ಬರೋಕೆ ದುಡ್ಡೂ ಇಲ್ಲ, ವೀಸಾನೂ ಇಲ್ಲ. ಥೋರೋ ಪ್ರಬಂಧ ಆನ್‌ಲೈನಿನಲ್ಲಿದೆ, ಇಂಡಿಯನ್ ಒಪಿನಿಯನ್‌ನ ಹಳೇ ಸಂಚಿಕೆಗಳೂ ಸಿಗುತ್ತವೆ. ಗಾಂಧಿ ಯಾವ ಸಾಲು ಇಟ್ಟುಕೊಂಡರು, ಯಾವುದನ್ನು ಬಿಟ್ಟರು, ಮೆಕ್ಸಿಕೊ ಯುದ್ಧದ ಮಾತು ಅದರಲ್ಲಿ ಉಳಿಯಿತಾ ಅಂತ ಸಾಲು ಸಾಲು ಹೋಲಿಸುತ್ತಾ ಕೂತಿದ್ದಾನೆ. ಹೋದ ವಾರ ಫೋನ್ ಮಾಡಿ, "ಮಾಮಾ, ಪೋಲ್ ಟ್ಯಾಕ್ಸ್ ಅಂದ್ರ ತಲೆಗಂದಾಯ ಅನ್ಬಹುದೇನ್ರಿ?" ಅಂತ ಕೇಳಿದ. ಅನ್ನಬಹುದು ಅಂದೆ.